ಮಡಿಸಬಾರದ ಕಡಲಸೊಪ್ಪು

ಮೋಕ್ಪೋ ಬಂದರಿನ ಹತ್ತಿರ ಬೀಗ ರಿಪೇರಿ ಮಾಡುವ ಪ್ಯೋ ಮಾನ್‌ಬೋಕ್ ಯಾರನ್ನೂ ಕೊಂದವನಲ್ಲ. ಊರಿನ ಎಲ್ಲ ಬೀಗ ತೆರೆಯಲು ಬಂದರೂ ಯಾರ ಮನೆಯನ್ನೂ ದೋಚಿದವನಲ್ಲ. ಅವನು ಮಾಡಿದ್ದು ಒಂದೇ ಅಪರಾಧ. ಹೋದ ವರ್ಷ ಒಂದು ಬೆಳಿಗ್ಗೆ ಹೆಂಡತಿ ಯೋಂಗ್‌ನಾನ್ ಬಡಿಸಿದ ಕಡಲಸೊಪ್ಪಿನ ಸಾರನ್ನು ಎರಡು ಬಟ್ಟಲು ಮುಗಿಸಿ, ಬಾಯಿ ಒರೆಸಿಕೊಂಡು, "ಇವತ್ತು ಯಾರ ಹುಟ್ಟುಹಬ್ಬ?" ಎಂದು ಕೇಳಿದ್ದ.

ಬೆಳ್ಳಂಬೆಳಿಗ್ಗೆ ಒಂದು ಮನೆಯಲ್ಲಿ ಕಡಲಸೊಪ್ಪಿನ ಸಾರು ಕುದಿಯಿತೆಂದರೆ ಅಲ್ಲಿ ಯಾರೋ ಹುಟ್ಟಿದ ದಿನ ಎಂದು ಆ ಊರಿನ ಬೆಕ್ಕುಗಳಿಗೂ ಗೊತ್ತು. ಆ ಮನೆಯಲ್ಲಿ ಇದ್ದವರು ಇಬ್ಬರೇ. ತನ್ನದು ಚಳಿಗಾಲದಲ್ಲಿ ಬರುತ್ತದೆಂದು ಮಾನ್‌ಬೋಕನಿಗೆ ನೆನಪಿತ್ತು. ಉಳಿದವರು ಯಾರು ಎಂದು ಕಂಡುಹಿಡಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಬೇಕಾದಷ್ಟು ಅವನಲ್ಲಿರಲಿಲ್ಲ.

"ಮುಂದಿನ ವರ್ಷ ಈ ಸಾರು ನಿಮ್ಮ ಕೈಯಿಂದ ಬರ್ಬೇಕು," ಎಂದಿದ್ದಳು ಯೋಂಗ್‌ನಾನ್. "ಬರ್ಲಿಲ್ವೋ, ನಾನು ದ್ವೀಪಕ್ಕೆ ನಮ್ಮಮ್ಮನ ಮನೆಗೆ ಹೋಗ್ತೀನಿ. ನೀವು ನಿಮ್ಮ ಬೀಗಗಳ ಜೊತೆ ಸಂಸಾರ ಮಾಡ್ಕೊಳ್ಳಿ."

ಕೂಗಿ ಹೇಳಿದ್ದರೆ ಅವನು ಮರೆಯುತ್ತಿದ್ದ. ಅವಳು ಬಟ್ಟಲು ತೊಳೆಯುತ್ತಾ, ತಿರುಗಿಯೂ ನೋಡದೆ, ಮೆಲ್ಲಗೆ ಹೇಳಿದ್ದಳು. ಅದಕ್ಕೇ ಆ ಮಾತು ಅವನ ಹೊಟ್ಟೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಈ ವರ್ಷದ ಸೆಖೆಗಾಲ ಬಂತು. ಒಂದು ತಿಂಗಳಿಂದ ಬಾಗಿಲ ಹಿಂದೆ ಕಂದು ಬಣ್ಣದ ದೊಡ್ಡ ಚೀಲವೊಂದು ನಿಂತಿತ್ತು. ಯೋಂಗ್‌ನಾನ್ ಊಟದ ಮೇಜಿನ ಮೇಲೆ ಚಮಚ ಇಡುವ ಸದ್ದೂ ಜೋರಾಗಿತ್ತು. ಚಮಚದ ಸದ್ದಿಗೆ ಸೆಖೆಯೇ ಕಾರಣ ಎಂದು ಮಾನ್‌ಬೋಕ್ ತೀರ್ಮಾನಿಸಿದ. ಚೀಲಕ್ಕೆ ಏನು ಕಾರಣ ಎಂದು ಅವನು ಯೋಚಿಸಲಿಲ್ಲ. ಅದರ ಹಿಡಿಕೆಗೆ ಟೋಪಿ ಸಿಕ್ಕಿಸಲು ಅನುಕೂಲವಾಗಿತ್ತು, ಅಷ್ಟೇ.

ಯೋಂಗ್‌ನಾನ್ ಹುಟ್ಟಿದ್ದು ಚಾಂದ್ರಮಾನದ ಆರನೇ ತಿಂಗಳು, ಹದಿನೆಂಟನೇ ದಿನ. ಇದನ್ನು ಅವನು ವರ್ಷವಿಡೀ ಬಾಯಿಪಾಠ ಮಾಡಿಟ್ಟುಕೊಂಡಿದ್ದ. ಅದು ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ದಿನ ಬೀಳುತ್ತದೆ ಎಂಬ ಲೆಕ್ಕ ಮಾತ್ರ ಅವನಿಗೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋದ ಕೂಡಲೇ ಕೆಳಗಿಳಿದು, ಕಟ್ಟಡದ ಕಾವಲುಗಾರ ಬ್ಯೋನನ ಹತ್ತಿರ ಹೋದ. ಬ್ಯೋನ್ ಹಡಗಿನಲ್ಲಿ ಮುದುಕನಾದವನು. ಉಬ್ಬರ ಇಳಿತ ಲೆಕ್ಕ ಹಾಕಿ ಹಾಕಿ ಚಂದ್ರನ ತಾರೀಖೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ನಾಲಿಗೆ ಮಾತಾಡುತ್ತಿದ್ದುದು ಲಂಗರು ಎತ್ತಿದ ಹಾಗೆ, ನಿಧಾನ.

"ಬ್ಯೋನಣ್ಣ, ಚಾಂದ್ರಮಾನದಲ್ಲಿ ಇವತ್ತು ಎಷ್ಟು?"

"ಇವತ್ತಾ..." ಬ್ಯೋನ್ ಆಕಾಶ ನೋಡಿದ, ಸಮುದ್ರ ನೋಡಿದ, ತನ್ನ ಚಪ್ಪಲಿ ನೋಡಿದ. "ಆರನೇ ತಿಂಗಳು... ಹದಿನೇಳು. ಆದ್ರೆ ಮಾನ್‌ಬೋಕ್, ಈ ಆರನೇ ತಿಂಗಳು ಅಂದ್ರೆ..."

ಅಷ್ಟರಲ್ಲಿ ಮಾನ್‌ಬೋಕ್ ಇಳಿಜಾರಿನ ಕೆಳಗೆ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದ.

ಮಾರುಕಟ್ಟೆಯಲ್ಲಿ ಒಣ ಸರಕಿನ ಅಂಗಡಿ ವಾಂದೋ ಅಕ್ಕನದು. ವಾಂದೋ ಅವಳ ತವರಿನ ದ್ವೀಪ. ಸ್ವಂತ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಒಣ ಮೀನಿನ ತೋರಣದ ಕೆಳಗೆ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು.

"ಓಹೋ, ಯೋಂಗ್‌ನಾನ್ ಗಂಡ! ಏನ್ ಬೇಕಿತ್ತು?"

"ಕಡಲಸೊಪ್ಪು. ಇರೋದ್ರಲ್ಲೆಲ್ಲ ಒಳ್ಳೇದು."

"ದಿನಾ ತಿನ್ನೋಕಾ, ಹುಟ್ಟುಹಬ್ಬಕ್ಕಾ, ಬಾಣಂತಿಗಾ?"

ಮಾನ್‌ಬೋಕನ ಬೆನ್ನಿನಲ್ಲಿ ಬೆವರು ಇಳಿಯಿತು. ಯೋಂಗ್‌ನಾನ್ ಊರಿನ ಸಾರ್ವಜನಿಕ ಸ್ನಾನದಮನೆಯಲ್ಲಿ ಹೆಂಗಸರ ಬೆನ್ನು ಉಜ್ಜುವವಳು. ವಾಂದೋ ಅಕ್ಕ ವಾರಕ್ಕೊಮ್ಮೆ ಅವಳ ಮುಂದೆ ಬೋರಲು ಮಲಗುವ ಗಿರಾಕಿ. ಹಾಗೆ ಮಲಗಿದವರು ಯಾರೂ ಬಾಯಿ ಮುಚ್ಚಿಕೊಂಡಿರುವುದಿಲ್ಲ. ಕೊಳೆಯ ಜೊತೆಗೇ ಊರಿನ ಸುದ್ದಿಯೂ ಉದುರುತ್ತದೆ. ಹುಟ್ಟುಹಬ್ಬ ಎಂದು ಬಾಯಿಬಿಟ್ಟರೆ ಗುಟ್ಟು ಮಧ್ಯಾಹ್ನದೊಳಗೆ ನೀರಿಗೆ ಬಿದ್ದ ಹಾಗೆಯೇ.

"ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು?" ಎಂದು ಕೇಳಿದ.

"ಬಾಣಂತಿಯದ್ದೇ. ಬಂಡೆ ಮೇಲೆ ಬೆಳೆದದ್ದು, ಅಲೆ ಹೊಡೆತ ತಿಂದದ್ದು. ಒಂದೆಳೆ ಮುರಿದಿಲ್ಲ ನೋಡಿ." ಗೋಡೆಗೆ ಒರಗಿಸಿದ್ದ ಕಪ್ಪು ಹಲಗೆಯಂಥದ್ದನ್ನು ತೋರಿಸಿದಳು. ನೆಲದ ಮೇಲೆ ನಿಲ್ಲಿಸಿದರೆ ಅದು ಮಾನ್‌ಬೋಕನ ಎದೆಯವರೆಗೆ ಬರುತ್ತಿತ್ತು.

"ಅದನ್ನೇ ಕೊಡಿ."

"ಯಾರಿಗೆ?"

ಮಾನ್‌ಬೋಕ್ ಆ ಕಡೆ ಈ ಕಡೆ ನೋಡಿ, ಬಗ್ಗಿ, ಪಿಸುಗುಟ್ಟಿದ. "ಅದೊಂದು ಕೇಳ್ಬೇಡಿ ಅಕ್ಕ. ಮುಖ್ಯ ಏನಪ್ಪಾ ಅಂದ್ರೆ, ನನ್ನ ಹೆಂಡ್ತಿಗೆ ಗೊತ್ತಾಗ್ಬಾರ್ದು."

ವಾಂದೋ ಅಕ್ಕನ ಬೀಸಣಿಗೆ ನಿಂತಿತು. ನೊಣಗಳು ನಿರಾಳವಾಗಿ ಬಂದು ಕೂತವು.

ಅವಳು ಬೆಲೆ ಹೇಳಿದಳು. ಬಾಣಂತಿ ಸೊಪ್ಪಿಗೆ ಚೌಕಾಸಿ ಮಾಡಿದರೆ ಮಗುವಿಗೆ ಆಗಿಬರುವುದಿಲ್ಲವೆಂಬ ನಂಬಿಕೆ ಅಲ್ಲಿ ಎಲ್ಲರಿಗೂ ಇದೆ. ಮಾನ್‌ಬೋಕನಿಗೆ ಅದು ತಿಳಿದಿರಲಿಲ್ಲ. ಗುಟ್ಟಿನ ಗಾಬರಿಯಲ್ಲಿ ಅವನಿಗೆ ಚೌಕಾಸಿ ಮಾಡುವುದೇ ಮರೆಯಿತು. ಒಂದು ಮೂಲಂಗಿಗೂ ಬೆಳಗಿನಿಂದ ಸಂಜೆಯವರೆಗೆ ಜಗಳ ಕಾಯುತ್ತಿದ್ದ ಮನುಷ್ಯ ತುಟಿ ಪಿಟಕ್ಕೆನ್ನದೆ ದುಡ್ಡು ಎಣಿಸಿಕೊಟ್ಟದ್ದನ್ನು ಅಕ್ಕಪಕ್ಕದ ಅಂಗಡಿಯವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಯಾರಿಗಾದರೂ ಅನುಮಾನ ಉಳಿದಿದ್ದರೆ ಅಲ್ಲಿಗೆ ತೀರಿತು.

ಅವನು ಸೊಪ್ಪನ್ನು ಮಡಚಿ ಕೈಚೀಲಕ್ಕೆ ತುರುಕಲು ಹೋದ.

"ಅಯ್ಯಯ್ಯೋ, ಕೈ ತೆಗೀರಿ!" ವಾಂದೋ ಅಕ್ಕ ಹಾರಿ ಬಂದಳು. "ಇದನ್ನ ಮಡಚ್ತಾರೇನ್ರೀ? ಮಡಚಿದ್ರೆ ಮಗು ಅಡ್ಡ ಬರುತ್ತೆ!"

"ಯಾವ ಮಗು?"

"ಅದನ್ನ ನೀವೇ ಹೇಳ್ಬೇಕು."

ಅವಳು ಹುಲ್ಲಿನ ಹಗ್ಗದಿಂದ ಸೊಪ್ಪನ್ನು ಕಟ್ಟಿ, ನೆಟ್ಟಗೆ ಅವನ ಕೈಗೆ ಕೊಟ್ಟಳು. ಒಳ್ಳೆಯ ಸರಕಿಗೆ ಇಂಥ ಮರ್ಯಾದೆ ಇರಬೇಕಾದ್ದೇ ಎಂದುಕೊಂಡು ಮಾನ್‌ಬೋಕ್ ಅದನ್ನು ಬಾವುಟದ ಹಾಗೆ ಎತ್ತಿ ಹಿಡಿದು ಮಾರುಕಟ್ಟೆಯ ನಡುವೆ ನಡೆದ. ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಅಷ್ಟು ಗೌರವ ಅವನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಮಾಂಸದ ಅಂಗಡಿಯವನು ಸೊಪ್ಪು ನೋಡಿ ಕತ್ತಿ ಕೆಳಗಿಟ್ಟ.

"ಗಂಡೋ, ಹೆಣ್ಣೋ?"

ದನದ ಬಗ್ಗೆ ಇಷ್ಟು ವಿಚಾರಿಸಿಕೊಳ್ಳುವ ಅಂಗಡಿಯವನು ಸಿಗುವುದು ಅಪರೂಪ ಎಂದು ಮಾನ್‌ಬೋಕನಿಗೆ ಸಂತೋಷವಾಯಿತು. "ಯಾವುದಾದ್ರೂ ಸರಿ. ಎಳೇದಾಗಿದ್ರೆ ಸಾಕು."

"ಎಳೇದೇ ಇರುತ್ತಲ್ಲ!" ಅಂಗಡಿಯವನು ಎದೆಯ ಮಾಂಸ ಕೊಯ್ದು, ಕೇಳದೆಯೇ ಒಂದು ತುಂಡು ಹೆಚ್ಚಿಗೆ ಹಾಕಿದ. "ಇದು ನನ್ನ ಕಡೆಯಿಂದ. ಈ ವಯಸ್ಸಲ್ಲಿ, ಯಜಮಾನ್ರೇ! ನಿಮ್ಮ ಧೈರ್ಯ ಮೆಚ್ಚಬೇಕು."

"ಧೈರ್ಯ ಏನ್ ಬಂತು. ಸೌಟು ಹಿಡಿಯೋದೇ ಮೊದಲನೇ ಸಲ. ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ."

"ನನ್ನ ಬಾಯಿ ಹೊಲಿದುಬಿಟ್ಟಿದೆ," ಎಂದು ಅಂಗಡಿಯವನು ಕಣ್ಣು ಹೊಡೆದ. ಮಾನ್‌ಬೋಕನ ಬೆನ್ನು ಮರೆಯಾಗುವ ಮೊದಲೇ ಹೊಲಿಗೆ ಬಿಚ್ಚಿತು.

ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಬೆಳ್ಳುಳ್ಳಿಯ ಗಂಟು ಹೊತ್ತ ಮುದುಕಿಯೊಬ್ಬಳು ಸೊಪ್ಪನ್ನು ಕಂಡದ್ದೇ, "ಏ ಡ್ರೈವರಪ್ಪಾ, ಮೆಲ್ಲಗೆ! ಬಾಣಂತಿ ಸೊಪ್ಪಿದೆ!" ಎಂದು ಕೂಗಿದಳು. ಮೋಕ್ಪೋದ ಇಳಿಜಾರುಗಳಲ್ಲಿ ಕುದುರೆ ಓಡಿಸಿದ ಹಾಗೆ ಬಸ್ಸು ಓಡಿಸುತ್ತಿದ್ದ ಚಾಲಕ ತಟ್ಟನೆ ಹೆಣದ ಗಾಡಿಯ ವೇಗಕ್ಕೆ ಇಳಿದ.

"ಕೂತ್ಕೋ," ಮುದುಕಿ ಗರ್ಭಿಣಿಯರಿಗೆಂದು ಮೀಸಲಿಟ್ಟ ಗುಲಾಬಿ ಬಣ್ಣದ ಆಸನ ತೋರಿಸಿದಳು.

"ಅಜ್ಜಿ, ಅದು ನನಗಲ್ಲ."

"ನಿನಗ್ಯಾರೋ ಕೂರು ಅಂದಿದ್ದು? ಸೊಪ್ಪು ಕೂತ್ಕೊಳ್ಳುತ್ತೆ. ನೀನು ಅದನ್ನ ಹಿಡ್ಕೊಂಡಿರು."

ಮಾನ್‌ಬೋಕ್ ಗುಲಾಬಿ ಆಸನದಲ್ಲಿ ಮೊಣಕಾಲು ಜೋಡಿಸಿ ಕೂತ. ಸೊಪ್ಪು ಅವನ ತೊಡೆಯ ಮೇಲೆ ನಿಂತು ಬಸ್ಸಿನವರನ್ನೆಲ್ಲ ನೋಡಿತು.

"ಯಾವಾಗ?" ಮುದುಕಿ ಕೇಳಿದಳು.

"ನಾಳೆ ಬೆಳಿಗ್ಗೆ."

"ನಾಳೇನಾ! ನಾಳೆ ಅಂತ ಗೊತ್ತಿದ್ದೂ ಬಸ್ಸಲ್ಲಿ ಊರು ಸುತ್ತುತಿದ್ದೀಯಾ, ಮುಟ್ಠಾಳ? ಡ್ರೈವರಪ್ಪಾ, ಎಲ್ಲೂ ನಿಲ್ಲಿಸ್ಬೇಡ!"

ಚಾಲಕ ನಿಲ್ಲಿಸಲಿಲ್ಲ. ದಾರಿಯಲ್ಲಿ ಇಳಿಯಬೇಕಾದವರು ತಮ್ಮ ನಿಲ್ದಾಣಗಳು ಹಿಂದೆ ಸರಿಯುವುದನ್ನು ಕಿಟಕಿಯಿಂದ ನೋಡಿದರು. ಯಾರೂ ತಕರಾರು ತೆಗೆಯಲಿಲ್ಲ. ಇಳಿಯುವಾಗ ಒಬ್ಬಾತ ಅವನ ಬೆನ್ನು ತಟ್ಟಿ, "ಸುಸೂತ್ರವಾಗಿ ಆಗ್ಲಿ," ಎಂದ. ಊರಿನ ಜನಕ್ಕೆ ಸಾರಿನ ಮೇಲೆ ಇಷ್ಟು ಅಕ್ಕರೆ ಇದೆಯೆಂದು ಮಾನ್‌ಬೋಕನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು.

ಕಟ್ಟಡದ ಲಿಫ್ಟಿನಲ್ಲಿ ತಾಕ್ ಅಕ್ಕ ಸಿಕ್ಕಳು. ಅವಳು ಕಟ್ಟಡದ ಮಹಿಳಾ ಸಂಘದ ಅಧ್ಯಕ್ಷೆ. ಯಾರ ಮನೆಯ ಕಸದ ಚೀಲದಲ್ಲಿ ಏನಿದೆ ಎಂದು ಹೊರಗಿನಿಂದಲೇ ಹೇಳಬಲ್ಲವಳು. ಸೊಪ್ಪು ಮಡಚಬಾರದೆಂದು ಮಾನ್‌ಬೋಕ್ ಅದನ್ನು ಓರೆಯಾಗಿ ಹಿಡಿದದ್ದರಿಂದ ಅದರ ತುದಿ ಅವಳ ಮೂಗಿನ ಕೆಳಗೇ ನಿಂತಿತು.

"ದಾಸೊಲ್ ಅಪ್ಪ, ಇದು..." ಮಗಳ ಹೆಸರು ಹಿಡಿದೇ ಅವಳು ಅವನನ್ನು ಕರೆಯುತ್ತಿದ್ದದ್ದು.

"ಅಕ್ಕ, ನಿಮಗೆ ಕೈ ಮುಗೀತೀನಿ. ನಾಳೆ ಬೆಳಿಗ್ಗೆವರೆಗೂ ನನ್ನವಳಿಗೆ ಹೇಳ್ಬೇಡಿ. ನಾಳೆ ನಾನೇ ತಂದು ಅವಳ ಮುಂದೆ ಇಡ್ತೀನಿ."

"ತಂದು... ಮುಂದೆ ಇಡ್ತೀರಾ? ಈ ಮನೆಗೇ?"

"ಮತ್ತೆ? ಬೆಚ್ಚಗಿರುವಾಗ್ಲೇ ಇಡ್ಬೇಕು. ಅವಳು ಒಂದು ವರ್ಷದಿಂದ ಕಾಯ್ತಾ ಇದ್ದಾಳೆ."

"ಅವಳಿಗೆ ಗೊತ್ತಾ?"

"ಅವಳೇ ಕೇಳಿದ್ದು!"

ತಾಕ್ ಅಕ್ಕ ಹೋಗಬೇಕಾದ ಮಹಡಿ ಬಂತು. ಬಾಗಿಲು ತೆರೆದು ಮುಚ್ಚಿತು. ಅವಳು ಇಳಿಯಲಿಲ್ಲ.

ಮನೆಯಲ್ಲಿ ಮಾನ್‌ಬೋಕ್ ಬಾಗಿಲು ಹಾಕಿಕೊಂಡು, ಕಂದು ಚೀಲಕ್ಕೆ ಟೋಪಿ ಸಿಕ್ಕಿಸಿ, ಅಂಗಿಯ ತೋಳು ಮಡಚಿದ. ಒಣ ಸೊಪ್ಪನ್ನು ನೆನೆಹಾಕಬೇಕು ಎಂಬಷ್ಟು ಅವನಿಗೆ ಗೊತ್ತಿತ್ತು. ಎಷ್ಟು ಎಂಬುದು ಗೊತ್ತಿರಲಿಲ್ಲ. ಒಂದು ಹಿಡಿ ಸೊಪ್ಪು ಒಂದು ಸಂಸಾರಕ್ಕೆ ಸಾಕು. ಅವನು ಇಡೀ ಸೊಪ್ಪನ್ನು, ಮಡಚದೆ, ಉದ್ದಕ್ಕೆ, ಪಾತ್ರೆ ತೊಳೆಯುವ ತೊಟ್ಟಿಯ ನೀರಿನಲ್ಲಿ ಇಳಿಸಿದ. ಅರ್ಧ ಹೊರಗೇ ನಿಂತಿತು. ಮೆತ್ತಗಾದ ಹಾಗೆ ತಾನಾಗಿ ಒಳಗೆ ಬರುತ್ತದೆಂದು ಬಿಟ್ಟು, ಬೆಳ್ಳುಳ್ಳಿ ಸುಲಿಯಲು ಕೂತ.

ಬೆಳ್ಳುಳ್ಳಿ ಸುಲಿದು ತಿರುಗಿದರೆ ತೊಟ್ಟಿ ಕಾಣಿಸಲಿಲ್ಲ. ಹಸಿರು ಗುಡ್ಡವೊಂದು ಎದ್ದು ನಲ್ಲಿಯನ್ನು ನುಂಗಿತ್ತು. ಅರ್ಧವನ್ನು ಕಿಮ್ಚಿ ಉಪ್ಪಿನಕಾಯಿ ಹಾಕುವ ದೊಡ್ಡ ಬೋಗುಣಿಗೆ ವರ್ಗಾಯಿಸಿದ. ಮಾಂಸ ಕೊಚ್ಚುವಷ್ಟರಲ್ಲಿ ಬೋಗುಣಿಯೂ ತುಂಬಿ ಸೊಪ್ಪು ಅಂಚಿನಿಂದ ನೆಲಕ್ಕೆ ಕಾಲು ಇಳಿಬಿಟ್ಟಿತು. ಬಟ್ಟೆ ಒಗೆಯುವ ಬಕೆಟ್ಟು ತಂದ. ಬಕೆಟ್ಟೂ ಸೋತಿತು. ಕೊನೆಗೆ ಎಲ್ಲವನ್ನೂ ಎರಡು ತೋಳುಗಳಲ್ಲಿ ತಬ್ಬಿಕೊಂಡು, ಜಾರುತ್ತಾ, ಮುಗ್ಗರಿಸುತ್ತಾ, ಬಚ್ಚಲುಮನೆಯ ಸ್ನಾನದ ತೊಟ್ಟಿಗೆ ಸುರಿದ.

ಫೋನು ಬಡಿದುಕೊಂಡಿತು. ಗ್ವಾಂಗ್ಜು ನಗರದಲ್ಲಿ ಕೆಲಸದಲ್ಲಿದ್ದ ಮಗಳು ದಾಸೊಲ್.

"ಅಪ್ಪಾ, ನನಗೆ ತಮ್ಮನಾ, ತಂಗಿನಾ?"

"ಏನಮ್ಮಾ ಅದು?"

"ತಾಕ್ ಅತ್ತೆ ಎಲ್ಲಾ ಹೇಳಿದ್ರು. ಯಾರಪ್ಪಾ ಆ ಹೆಂಗಸು?"

"ಯಾವ ಹೆಂಗಸೂ ಇಲ್ಲ, ನಾನೊಬ್ಬನೇ ಒದ್ದಾಡ್ತಾ ಇದ್ದೀನಿ. ಫೋನ್ ಇಡು. ಇಲ್ಲಿ ಅದು ಬೆಳೀತಾ ಇದೆ!"

"ಬೆಳೀತಾ ಇದೆಯಾ?"

"ಗಳಿಗೆ ಗಳಿಗೆಗೂ! ತೊಟ್ಟೀಲಿ ಮಲಗಿಸಿದ್ದೀನಿ. ಕೈಯಲ್ಲಿ ಹಿಡಿದ್ರೆ ಜಾರುತ್ತೆ!"

ದಾಸೊಲ್ ಚೀರಿದ್ದು ಅವನಿಗೆ ಕೇಳಿಸಲಿಲ್ಲ. ಬಾಗಿಲಿನ ಬೀಗ ತಿರುಗಿದ್ದು ಕೇಳಿಸಿತು. ಆ ಬೀಗ ಹಾಕಿದವನು ಅವನೇ. ಯಾರೂ ಮುರಿಯಲಾರದ್ದು, ಆದರೆ ಹೆಂಡತಿಯ ಹತ್ತಿರ ಕೀಲಿ ಇತ್ತು.

ಸುದ್ದಿ ಸ್ನಾನದಮನೆಗೆ ಹೋಗಲು ಬಸ್ಸು ಹತ್ತಿರಲಿಲ್ಲ. ಯೋಂಗ್‌ನಾನ್ ಯಾರದ್ದೋ ಬೆನ್ನನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಬಲಗೈಯಲ್ಲಿ ಬೆನ್ನು ಉಜ್ಜುವ ಹಸಿರು ಕೈಗವಸು ಇನ್ನೂ ಹಾಗೇ ಇತ್ತು. ಅವಳ ಹಿಂದೆ ತಾಕ್ ಅಕ್ಕ, ಅವಳ ಹಿಂದೆ ಅಂಗಡಿ ಮುಚ್ಚಿ ಬಂದ ವಾಂದೋ ಅಕ್ಕ. ಯೋಂಗ್‌ನಾನ್ ಗಂಡನ ಕಡೆ ನೋಡಲಿಲ್ಲ. ಕಂದು ಚೀಲದ ಮೇಲಿದ್ದ ಟೋಪಿ ತೆಗೆದು ಅವನ ತಲೆಗೆ ಇಟ್ಟಳು. ಚೀಲ ಎತ್ತಿಕೊಂಡಳು.

"ಯಾರದು?"

"ಯಾವುದು?"

"ಮಗು."

ಮಾನ್‌ಬೋಕ್ ಮೂವರು ಹೆಂಗಸರ ಮುಖವನ್ನೂ ಒಂದೊಂದಾಗಿ ನೋಡಿದ. ಬೆಳಗಿನಿಂದ ಊರೆಲ್ಲ ಹುಡುಕುತ್ತಿರುವ ಈ ಮಗು ಯಾರದಿರಬಹುದೆಂದು ಅವನಿಗೂ ಕುತೂಹಲ ಹುಟ್ಟಿತ್ತು. "ನಂಗೂ ಯಾರೂ ಹೇಳ್ತಿಲ್ಲ ಕಣೇ!"

"ಬಾಣಂತಿ ಸೊಪ್ಪು ಯಾಕೆ ತಂದ್ರಿ?"

"ಎಲ್ಲಕ್ಕಿಂತ ಒಳ್ಳೇದು ಅದೇ ಅಂದ್ರು! ನಾಳೆ ನಿನ್ನ ಹುಟ್ಟುಹಬ್ಬ ಅಲ್ವಾ?"

ಬಚ್ಚಲುಮನೆಯಿಂದ ಪಚಕ್ ಎಂದು ಸದ್ದು ಬಂತು. ಸೊಪ್ಪು ತೊಟ್ಟಿಯ ಅಂಚು ದಾಟಿತ್ತು. ತಾಕ್ ಅಕ್ಕ ಒಳಗೆ ಇಣುಕಿ ನೋಡಿ, "ಕೂಸಲ್ಲ," ಎಂದು ವರದಿ ಮಾಡಿದಳು. ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

"ಹಾಗಂತ ನನ್ಹತ್ರ ಹೇಳೋಕೆ ಏನು ರೋಗ ಬಂದಿತ್ತು?" ವಾಂದೋ ಅಕ್ಕ ಸಿಡಿದಳು.

"ನಿಮಗೆ ಹೇಳಿದ್ರೆ ಇವಳಿಗೆ ಗೊತ್ತಾಗುತ್ತೆ ಅಂತ!"

"ಈಗ ಗೊತ್ತಾಗ್ಲಿಲ್ವಾ?"

ಯೋಂಗ್‌ನಾನ್ ಮಾತ್ರ ಆ ಜಗಳಕ್ಕೆ ಸೇರಲಿಲ್ಲ. ಚೀಲ ಕೆಳಗಿಟ್ಟು ಅದರ ಮೇಲೇ ಕೂತಳು. "ನಾಳೇನಾ?" ಎಂದಳು. "ನನ್ನ ಹುಟ್ಟುಹಬ್ಬ ಹೋದ ತಿಂಗಳೇ ಆಗಿ ಹೋಯ್ತು."

"ಆರನೇ ತಿಂಗಳು ಹದಿನೆಂಟು! ನಂಗೆ ಬಾಯಿಪಾಠ ಇದೆ! ಬ್ಯೋನಣ್ಣನೇ ಹೇಳಿದ್ದು!"

ಆಗ ಬಾಗಿಲಲ್ಲಿ ಬ್ಯೋನ್ ಕಾಣಿಸಿಕೊಂಡ. ಲಿಫ್ಟು ಸಿಗದೆ ಮೆಟ್ಟಿಲು ಹತ್ತಿ ಬಂದಿದ್ದ. ಬಾಗಿಲ ಚೌಕಟ್ಟು ಹಿಡಿದು, ಉಸಿರು ಎಳೆದುಕೊಂಡು, ಬೆಳಿಗ್ಗೆ ಬಿಟ್ಟಲ್ಲಿಂದ ಮುಂದುವರಿಸಿದ.

"...ಈ ಆರನೇ ತಿಂಗಳು ಅಂದ್ರೆ ಅಧಿಕ ಮಾಸ. ಈ ವರ್ಷ ಆರನೇ ತಿಂಗಳು ಎರಡು. ನಿಜವಾದದ್ದು ಮುಗಿದುಹೋಯ್ತು. ಅದನ್ನೇ ಹೇಳೋಕೆ ಹೊರಟಿದ್ದೆ, ನೀನು ಬಸ್ ಹತ್ತಿಬಿಟ್ಟೆ."

ಮಾನ್‌ಬೋಕ್ ಟೋಪಿ ತೆಗೆದ. ಇಡಲು ಜಾಗ ಹುಡುಕಿದ. ಅವನ ಜಾಗದ ಮೇಲೆ ಹೆಂಡತಿ ಕೂತಿದ್ದಳು.

"ಅವತ್ತು ಸಂಜೆವರೆಗೂ ಕಾದೆ," ಎಂದಳು ಯೋಂಗ್‌ನಾನ್, ಯಾರಿಗೂ ಅಲ್ಲದ ಹಾಗೆ. "ಇವರು ಬಂದ್ರು. ಏನ್ ಸೆಖೆ ಅಂದ್ರು. ಮಲಗಿದ್ರು. ಅವತ್ತೇ ಈ ಚೀಲ ಕಟ್ಟಿದ್ದು."

ತಾಕ್ ಅಕ್ಕ ಮುಂದೆ ಬಾಗಿದಳು. "ಮತ್ಯಾಕೆ ಹೋಗ್ಲಿಲ್ಲ?"

"ಹೋಗೋಳೇ. ದಿನಾ ಬೆಳಿಗ್ಗೆ ಬಾಗಿಲವರೆಗೂ ಬರ್ತಿದ್ದೆ. ಚೀಲದ ಮೇಲೆ ಇವರ ಟೋಪಿ ಇರ್ತಿತ್ತು. ಇದನ್ನೆಲ್ಲಿಡೋದು, ಎಲ್ಲಿಟ್ರೆ ಇವರ ಕಣ್ಣಿಗೆ ಬೀಳುತ್ತೆ ಅಂತ ಯೋಚಿಸ್ತಾ ಯೋಚಿಸ್ತಾ ಕೆಲಸಕ್ಕೆ ಹೊತ್ತಾಗ್ತಿತ್ತು."

ವಾಂದೋ ಅಕ್ಕ ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡು, ಅಂಗಡಿಯಲ್ಲಿ ಬೆಲೆ ಹೇಳುವ ದನಿಯಲ್ಲಿ ತೀರ್ಪು ಕೊಟ್ಟಳು. "ನೋಡೇ, ಅಧಿಕ ಮಾಸದಲ್ಲಿ ದೇವರುಗಳೆಲ್ಲ ರಜೆ ಹೋಗಿರ್ತಾರೆ. ಮನೆ ಬದಲಾಯಿಸಿದ್ರೂ ದೋಷ ಇಲ್ಲ, ಗೋರಿ ಕದಲಿಸಿದ್ರೂ ದೋಷ ಇಲ್ಲ. ಮೇಲಿಂದ ನೋಡೋರೇ ಇಲ್ಲ. ತಪ್ಪಿಹೋದ ಹುಟ್ಟುಹಬ್ಬ ಈ ತಿಂಗಳು ಮಾಡ್ಕೊಂಡ್ರೆ ಕೇಳೋರು ಯಾರು?"

"ದೇವರು ರಜೆ ಹೋಗಿದ್ದಾರೆ, ಸರಿ," ಮಾನ್‌ಬೋಕ್ ಗೋಳಾಡಿದ. "ನೀವುಗಳು ಯಾಕೆ ಹೋಗಲ್ಲ?"

ಯೋಂಗ್‌ನಾನಳ ಬಾಯಿಯ ಒಂದು ಮೂಲೆ ಅಲುಗಿತು. ಅವಳು ತಕ್ಷಣ ಅದನ್ನು ಹಸಿರು ಕೈಗವಸಿನಿಂದ ಮುಚ್ಚಿಕೊಂಡಳು. ಆಮೇಲೆ ಎದ್ದು ಬಚ್ಚಲುಮನೆಗೆ ಹೋಗಿ, ತೊಟ್ಟಿ ನೋಡಿದಳು.

"ನಾನಿವತ್ತು ಹೊರಟುಹೋದ್ರೆ ಇದು ಇವರನ್ನೂ ತಿಂದುಹಾಕುತ್ತೆ," ಎಂದಳು. "ಆದ್ರೆ ನಾನು ಮುಟ್ಟೋದಿಲ್ಲ. ಮಾತು ಅಂದ್ರೆ ಮಾತು."

ಮುಟ್ಟಲಿಲ್ಲ. ಕುರ್ಚಿ ತಂದು ಬಾಗಿಲಲ್ಲಿ ಕೂತಳು. ಮಾನ್‌ಬೋಕ್ ತೊಟ್ಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಸೊಪ್ಪನ್ನು ತಿಕ್ಕಿದ, ಹಿಂಡಿದ, ಮತ್ತೆ ತಿಕ್ಕಿದ.

"ಇನ್ನೂ ಜೋರಾಗಿ. ನೊರೆ ಹೋಗ್ಬೇಕು," ಎಂದಳು ಯೋಂಗ್‌ನಾನ್.

"ಕತ್ತಿ ತಗೀಬೇಡಿ! ಬಾಣಂತಿ ಸೊಪ್ಪಿಗೆ ಕತ್ತಿ ಮುಟ್ಟಿಸ್ಬಾರ್ದು, ಕೈಯಲ್ಲೇ ಹರೀರಿ," ಎಂದಳು ವಾಂದೋ ಅಕ್ಕ.

"ಬಾಣಂತಿ ಎಲ್ಲಿದ್ದಾಳೆ ಅಕ್ಕಾ?"

"ನಂಗೇನು ಗೊತ್ತು. ಸೊಪ್ಪಿಗೆ ಗೊತ್ತಾ?"

ಅವನು ಕೈಯಲ್ಲೇ ಹರಿದ. ಬೆರಳುಗಳು ಸುಕ್ಕುಗಟ್ಟಿ ಒಣದ್ರಾಕ್ಷಿಯಂತಾದವು. ತಾಕ್ ಅಕ್ಕ ಅಷ್ಟರಲ್ಲಿ ಕಟ್ಟಡದ ಪ್ರತಿ ಮನೆಗೂ ಫೋನು ಮಾಡಿ, ಮಗು ಇಲ್ಲವೆಂದೂ ಸಾರು ಇದೆಯೆಂದೂ ಪಾತ್ರೆ ತಂದುಕೊಳ್ಳಬೇಕೆಂದೂ ತಿಳಿಸಿದಳು. ದಾಸೊಲ್‌ಗೆ ಹೇಳುವುದು ಮಾತ್ರ ಎಲ್ಲರಿಗೂ ಮರೆಯಿತು. ಅವಳು ಸಂಜೆಯ ಬಸ್ಸಿಗೆ ಒಂದು ಮಕ್ಕಳ ಹೊದಿಕೆ ಹಿಡಿದುಕೊಂಡು ಬಂದಿಳಿದಳು.

ಮರುದಿನ ಬೆಳಿಗ್ಗೆ ಮಾನ್‌ಬೋಕ್ ಮಾಂಸವನ್ನು ಎಳ್ಳೆಣ್ಣೆಯಲ್ಲಿ ಹುರಿದ, ಸೊಪ್ಪು ಹಾಕಿದ, ಬೆಳ್ಳುಳ್ಳಿ ಹಾಕಿದ, ನೀರು ಸುರಿದ. ಸಾರು ಕುದ್ದು ಬಾಣಂತಿಯ ಮನೆಯ ಪರಿಮಳ ಎಲ್ಲ ಮಹಡಿಗಳಿಗೂ ಇಳಿಯಿತು. ಯೋಂಗ್‌ನಾನ್ ಕಾಲು ಚಾಚಿ ಕೂತಿದ್ದಳು. ಮೂವತ್ತು ವರ್ಷದಲ್ಲಿ ಆ ಮೇಜಿನ ಆ ಬದಿಯಲ್ಲಿ ಅವಳು ಸುಮ್ಮನೆ ಕೂತಿದ್ದು ಅವತ್ತೇ. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ತಂದು ಅವಳ ಮುಂದೆ ಇಟ್ಟ. ಬೆಚ್ಚಗಿರುವಾಗಲೇ.

ಅವಳು ಮೊದಲ ಚಮಚ ಬಾಯಿಗಿಟ್ಟಳು. ಮಾನ್‌ಬೋಕ್, ಮಗಳು ದಾಸೊಲ್, ಬಾಗಿಲಲ್ಲಿ ಪಾತ್ರೆ ಹಿಡಿದು ಸಾಲು ನಿಂತ ಕಟ್ಟಡದವರು, ಎಲ್ಲರೂ ಉಸಿರು ಬಿಗಿ ಹಿಡಿದರು.

"ಉಪ್ಪೇ ಇಲ್ಲ," ಎಂದಳು. ಎರಡನೇ ಚಮಚ ತೆಗೆದುಕೊಂಡಳು. ಬಟ್ಟಲು ಬರಿದಾಗುವವರೆಗೆ ಚಮಚ ಕೆಳಗಿಡಲಿಲ್ಲ. ಆಮೇಲೆ ಬಾಯಿ ಒರೆಸಿಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಗಂಡನ ಮುಖ ನೋಡಿದಳು.

"ಇವತ್ತು ಯಾರ ಹುಟ್ಟುಹಬ್ಬ?"

"ನಿನ್ನದು!" ಮಾನ್‌ಬೋಕ್ ಎದೆಯುಬ್ಬಿಸಿ ಹೇಳಿದ. ಒಂದು ವರ್ಷದಿಂದ ಆ ಉತ್ತರ ಅವನ ಗಂಟಲಲ್ಲಿ ಕಾದು ಕೂತಿತ್ತು.

"ಎಷ್ಟನೇದು?"

ಮಾನ್‌ಬೋಕ್ ಬಾಯಿ ತೆರೆದ. ಮಗಳ ಕಡೆ ನೋಡಿದ. ಅವಳು ಮಕ್ಕಳ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಳು. ಸಾಲಿನಲ್ಲಿದ್ದ ಬ್ಯೋನನ ಕಡೆ ನೋಡಿದ. ಬ್ಯೋನ್ ಆಗಷ್ಟೇ ಆಕಾಶ ನೋಡಲು ಶುರುಮಾಡಿದ್ದ. ಬಾಗಿಲ ಹಿಂದೆ ಕಂದು ಚೀಲ ಇನ್ನೂ ನಿಂತೇ ಇತ್ತು. ಅದರ ಮೇಲೆ ಅವನ ಟೋಪಿ ಇತ್ತು. 

ಅವನು ಅದನ್ನು ಅಲ್ಲಿ ಇಟ್ಟಿರಲಿಲ್ಲ.

ಮಾನ್‌ಬೋಕ್ ಸೌಟು ಎತ್ತಿಕೊಂಡ.

"ಇನ್ನೊಂದು ಬಟ್ಟಲು ಹಾಕ್ಲಾ?"